ಕಿಡ್ನಿ ಗಡ್ಡೆಗೆ ಬಯಾಪ್ಸಿ ಮಾಡಿಸಿದವರು ಸ್ವಲ್ಪ ಹೇಳಿ

ಅಪ್ಪನಿಗೆ 68. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದರೆ ಎಡ ಕಿಡ್ನಿಯಲ್ಲಿ 3 ಸೆಂ.ಮೀ. ಗಡ್ಡೆ ಸಿಕ್ಕಿದೆ. ಡಾಕ್ಟರು ಬಯಾಪ್ಸಿ, ಅಂದರೆ ಸೂಜಿ ಹಾಕಿ ಗಡ್ಡೆಯ ತುಣುಕು ತೆಗೆದು ಪರೀಕ್ಷೆ ಮಾಡೋಣ ಅಂತಿದ್ದಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ನೆಂಟರೆಲ್ಲ ಹೆದರಿಸಿಬಿಟ್ಟಿದ್ದಾರೆ. ಮಾಡಿಸೋದಾ, ಬಿಡೋದಾ?

• ನನಗೂ ಅದೇ ಭಯ ಇತ್ತು. ಬೋರಲು ಮಲಗಿಸಿ, ಬೆನ್ನು ಮರಗಟ್ಟಿಸಿ, "ಉಸಿರು ಹಿಡೀರಿ" ಅಂದರು. ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅಂತ ಸದ್ದು. ಹೀಗೆ ಮೂರು ಸಲ. ನೋವಿಗಿಂತ ಆ ಸದ್ದಿಗೇ ಬೆಚ್ಚಿಬಿದ್ದೆ. ಆಮೇಲೆ ಆರು ಗಂಟೆ ಅಲ್ಲಾಡದೆ ಮಲಗಿದ್ದೇ ದೊಡ್ಡ ಶಿಕ್ಷೆ. ಮೊದಲ ಸಲ ಮೂತ್ರ ಕೆಂಪಗಿತ್ತು, ಮಾರನೇ ಬೆಳಿಗ್ಗೆ ತಿಳಿಯಾಯಿತು.

ಹರಡೋ ವಿಷಯ: ಹೊರಗಿನ ಕೊಳವೆಯಂಥ ಸೂಜಿ ಒಂದೇ ಕಡೆ ಇರುತ್ತೆ, ಅದರೊಳಗಿಂದ ಇನ್ನೊಂದು ಸೂಜಿ ಹೋಗಿ ತುಣುಕು ತರುತ್ತೆ. ಹಾಗಾಗಿ ದಾರಿಯಲ್ಲಿ ಜೀವಕೋಶ ಉದುರೋದು ತೀರಾ ಅಪರೂಪ. ಆಗಿಲ್ಲವೇ ಇಲ್ಲ ಅಂತಲ್ಲ. ನಿಜವಾಗಿ ಗಮನ ಕೊಡಬೇಕಾದ್ದು ರಕ್ತಸ್ರಾವಕ್ಕೆ. ಕಿಡ್ನಿ ಸುತ್ತ ಸ್ವಲ್ಪ ರಕ್ತ ಸೇರೋದು ಮಾಮೂಲು, ಹೆಚ್ಚಿನವರಿಗೆ ತಾನಾಗೇ ಕರಗುತ್ತೆ. ರಕ್ತ ಕೊಡಬೇಕಾಗಿ ಬರೋದು ಕೆಲವರಿಗೆ ಮಾತ್ರ. ಬಿಪಿ ಹತೋಟಿಯಲ್ಲಿರಬೇಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ, ನಾನು ಅದನ್ನ ತಗೊಳ್ಳೋದನ್ನ ಹೇಳೋಕೆ ಮರೆತು, ಟೇಬಲ್ ತನಕ ಹೋಗಿ ವಾಪಸ್ ಬಂದವನು. ಒಂದು ವಾರ ಮುಂದಕ್ಕೆ ಹೋಯಿತು.

• ಅಮ್ಮನಿಗೆ ಮೊದಲ ರಿಪೋರ್ಟಲ್ಲಿ ಏನೂ ಗೊತ್ತಾಗಲಿಲ್ಲ. ಹತ್ತರಲ್ಲಿ ಒಬ್ಬರಿಗಾದರೂ ಹೀಗಾಗುತ್ತಂತೆ. ಇದನ್ನ ಯಾರೂ ಮೊದಲೇ ಹೇಳಲ್ಲ! ಮತ್ತೆ ಚುಚ್ಚಿಸಿದ ಮೇಲೆ ಆಂಕೋಸೈಟೋಮಾ ಥರ ಇದೆ ಅಂದರು, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೆ ಕ್ರೋಮೋಫೋಬ್ ಅನ್ನೋ ಒಂದು ಜಾತಿಯ ಕ್ಯಾನ್ಸರೂ ಸಣ್ಣ ತುಣುಕಿನಲ್ಲಿ ಹೀಗೇ ಕಾಣಬಹುದಂತೆ. ಅದಕ್ಕೇ ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಆದರೂ ಆಪರೇಷನ್ ತಪ್ಪಿತಲ್ಲ, ನನಗೆ ಅಷ್ಟು ಸಾಕು. 4 ಸೆಂ.ಮೀ. ಒಳಗಿನ ಗಡ್ಡೆಗಳಲ್ಲಿ ಐದಕ್ಕೊಂದು ಕ್ಯಾನ್ಸರೇ ಆಗಿರಲ್ಲ.

• ಭಾವನಿಗೆ 7 ಸೆಂ.ಮೀ. ಇತ್ತು, ಬಯಾಪ್ಸಿ ಇಲ್ಲದೆ ನೇರ ಆಪರೇಷನ್. ರಿಪೋರ್ಟ್ ಏನೇ ಬಂದರೂ ತೆಗೆಯಲೇಬೇಕು ಅಂದಮೇಲೆ ಚುಚ್ಚಿ ಏನು ಪ್ರಯೋಜನ ಅಂದರು. ನೀವೂ ಡಾಕ್ಟರನ್ನ ಇದನ್ನೇ ಕೇಳಿ: "ರಿಪೋರ್ಟ್ ನೋಡಿ ಚಿಕಿತ್ಸೆ ಬದಲಾಗುತ್ತಾ?"

• ಎಲ್ಲರಿಗೂ ಥ್ಯಾಂಕ್ಸ್. ಅಪ್ಪನೂ ದಿನಾ ಆಸ್ಪಿರಿನ್ ತಗೊಳ್ತಾರೆ, ನಾವು ಹೇಳೇ ಇಲ್ಲ! ನಾಳೆ ಬೆಳಿಗ್ಗೆ ಮೊದಲು ಡಾಕ್ಟರಿಗೆ ಫೋನ್ ಮಾಡ್ತೀನಿ.