ಹೊಸ ಬ್ರದರ್‌ಗೆ ವಾರ್ಡಿನ ಉಪಾಯಗಳು

‘ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿದ್ದೇನೆ. ಅರ್ಧ ಜನ ಡಾಕ್ಟರ್ ಅಂತಾರೆ, ಇನ್ನರ್ಧ ಜನ ಸಿಸ್ಟರ್ ಅಂತಾರೆ. ಭಾರ ಎತ್ತೋದು ಬಂದರೆ ಎಲ್ಲರಿಗೂ ನಾನೇ ಬೇಕು. ನೈಟ್ ಡ್ಯೂಟಿಯಲ್ಲಿ ಬೇಕಾದ ಸಾಮಾನು ಸಿಗಲ್ಲ. ಹಳಬರು ಹೇಗೆ ನಿಭಾಯಿಸ್ತೀರಿ?’ ಎಂದು ಹೊಸ ಬ್ರದರ್ (ಅಂದರೆ ಗಂಡು ನರ್ಸ್) ಒಬ್ಬರು ಕೇಳಿದ್ದಾರೆ. ನಾನು ಮೆಡಿಕಲ್ ವಾರ್ಡಿನವನು. ನನ್ನ ಅನುಭವ, ಜೊತೆಯವರ ಅನುಭವ ಎರಡನ್ನೂ ಸೇರಿಸಿ ಹೇಳುತ್ತೇನೆ.

ಕಿವಿ ಮಂದವಾದ ಅಜ್ಜಂದಿರಿಂದ ಶುರು ಮಾಡ್ತೀನಿ. ಇದು ನನಗೆ ತುಂಬಾ ಇಷ್ಟದ ಉಪಾಯ. ಮಧ್ಯರಾತ್ರಿ ನೀವು ‘ಅಜ್ಜಾ, ಮೋಷನ್ ಆಯ್ತಾ?’ ಎಂದು ಕೂಗುತ್ತೀರಿ. ಆ ಅಜ್ಜನನ್ನು ಬಿಟ್ಟು ಇಡೀ ವಾರ್ಡ್ ಎದ್ದು ಉತ್ತರ ಕೊಡುತ್ತದೆ. ಹಾಗೆ ಮಾಡಬೇಡಿ. ನಿಮ್ಮ ಸ್ಟೆತೋಸ್ಕೋಪನ್ನು ಸ್ಪಿರಿಟ್‌ನಲ್ಲಿ ಒರೆಸಿ ಅವರ ಕಿವಿಗೆ ಹಾಕಿ. ಎದೆಗೆ ಇಡುವ ತುದಿಯನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಮಾತಾಡಿ. ಕೂಗಬಾರದು, ತಟ್ಟಬಾರದು, ಕಿವಿಗೆ ಜೋರಾಗಿ ಬಡಿಯುತ್ತದೆ. ಒಬ್ಬ ಅಜ್ಜ ಹೀಗೆ ನನ್ನ ಮಾತು ಕೇಳಿಸಿಕೊಂಡು, ಪಕ್ಕದ ಬೆಡ್ಡಿನವರ ಕಡೆ ತಿರುಗಿ, ‘ಇವತ್ತಿಂದ ನಾನೇ ಡಾಕ್ಟ್ರು, ಎಲ್ಲರೂ ಮನೆಗೆ ಹೋಗಿ’ ಎಂದರು. ಆಮೇಲೆ ಅವರು ಮಾತ್ರೆಗೆ ತಕರಾರು ಮಾಡಲೇ ಇಲ್ಲ. ಪಾಪ, ಅದುವರೆಗೆ ಯಾವ ಮಾತ್ರೆ ಯಾಕೆ ಅಂತ ಅವರಿಗೆ ಕೇಳಿಸಿಯೇ ಇರಲಿಲ್ಲ.

ಡಾಕ್ಟರ್ ಅಂತ ಕರೆದರೆ ಆಗಲೇ ತಿದ್ದಿ. ಇಲ್ಲದಿದ್ದರೆ ‘ಡಾಕ್ಟರ್ ಬಂದು ನೋಡಿದರು’ ಅಂದುಕೊಂಡು, ನಿಜವಾದ ಡಾಕ್ಟರ್ ಬಂದಾಗ ಏನೂ ಕೇಳದೆ ಸುಮ್ಮನಿರುತ್ತಾರೆ. ಡ್ಯೂಟಿಗೆ ಬಂದ ಕೂಡಲೇ ‘ನಮಸ್ಕಾರ ಅಮ್ಮ, ನಾನು ಈ ಪಾಳಿಯ ನರ್ಸ್’ ಎಂದು ಪ್ರತಿ ಬೆಡ್ಡಿಗೂ ಹೋಗಿ ಹೇಳಿ. ಸಿಸ್ಟರ್ ಅಂದರೆ ಬಿಡಿ, ನಷ್ಟವೇನಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರು ನನ್ನನ್ನು ‘ಸಿಸ್ಟರಪ್ಪಾ’ ಎಂದು ಕರೆದರು. ಅವರು ಡಿಸ್ಚಾರ್ಜ್ ಆಗಿ ಹೋದರೂ ಹೆಸರು ವಾರ್ಡಿನಲ್ಲೇ ಉಳಿಯಿತು. ನನಗಂತೂ ಅದು ಪ್ರೀತಿಯ ಹೆಸರು.

ಹೆಂಗಸರಿಗೆ ಇಸಿಜಿ, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವುದು ಇರುವಾಗ ಮೊದಲು ಕೇಳಿ, ಪರದೆ ಎಳೆಯಿರಿ, ಸಿಸ್ಟರ್ ಒಬ್ಬರು ಜೊತೆಗಿರಲಿ. ಬೇಡ ಅಂದರೆ ಬೇಡ. ಆ ಕೆಲಸ ಸಿಸ್ಟರ್‌ಗೆ ಬಿಟ್ಟು, ಅವರ ಬೇರೆ ಕೆಲಸ ನೀವು ಮಾಡಿಕೊಡಿ.

ಇನ್ನು ಭಾರ ಎತ್ತುವ ವಿಷಯ. ನಮ್ಮ ಹಾಸನದ ಬ್ರದರ್ ಕಡ್ಡಿ ಪೈಲ್ವಾನ್. ಆದರೂ ಆಕ್ಸಿಜನ್ ಸಿಲಿಂಡರ್ ತಳ್ಳಬೇಕೆಂದರೆ ಮೊದಲ ಕೂಗು ಅವರಿಗೇ. ಮಂಚದಿಂದ ಟ್ರಾಲಿಗೆ ರೋಗಿಯನ್ನು ಸಾಗಿಸಲು ಅವರೇ ಕಲಿಸಿದ್ದು ಇದು: ರೋಗಿಯನ್ನು ಒಂದು ಬದಿಗೆ ಹೊರಳಿಸಿ, ಅವರು ಮಲಗಿರುವ ಬೆಡ್‌ಶೀಟಿನ ಕೆಳಗೆ ದೊಡ್ಡ ಹೊಸ ಪ್ಲಾಸ್ಟಿಕ್ ಕವರ್ ಹಾಸಿ. ಟ್ರಾಲಿಗೂ ಮಂಚಕ್ಕೂ ಬ್ರೇಕ್ ಹಾಕಿ, ಎರಡೂ ಒಂದೇ ಎತ್ತರಕ್ಕೆ ಬರಲಿ. ಆಮೇಲೆ ಬೆಡ್‌ಶೀಟ್ ಹಿಡಿದು ಎಲ್ಲರೂ ಒಟ್ಟಿಗೆ ಎಳೆಯಿರಿ. ಎತ್ತುವುದೇ ಬೇಡ, ಜಾರುತ್ತದೆ. ಕೆಲಸ ಮುಗಿದ ಮೇಲೆ ಕವರ್ ತೆಗೆಯಲೇಬೇಕು. ಬೆನ್ನುಮೂಳೆಗೆ ಪೆಟ್ಟಾದವರಿಗೆ ಮಾತ್ರ ಇದು ಬೇಡವೇ ಬೇಡ. ನಿಮ್ಮ ಸೊಂಟವೂ ಮುಖ್ಯ, ಅಲ್ವಾ? ಬಗ್ಗುವಾಗ ಮಂಡಿ ಮಡಚಿ.

ಬೆಂಗಳೂರಿನ ವಾರ್ಡ್ ಅಂದರೆ ಬೆಡ್ಡಿಗೊಂದು ಭಾಷೆ. ಚಿಂತಾಮಣಿಯಿಂದ ಬಂದವರು ತೆಲುಗು, ಹೊಸೂರಿನವರು ತಮಿಳು, ಶಿವಾಜಿನಗರದವರು ಉರ್ದು, ಕಟ್ಟಡ ಕೆಲಸಕ್ಕೆ ಬಂದವರು ಹಿಂದಿ. ಡಿಸ್ಚಾರ್ಜ್ ದಿನ ಮಾತ್ರೆ ಕವರಿನ ಮೇಲೆ ಮಾರ್ಕರ್‌ನಲ್ಲಿ ಚಿತ್ರ ಬರೆಯಿರಿ. ಬೆಳಿಗ್ಗೆಗೆ ಹುಟ್ಟುವ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ರಾತ್ರಿಗೆ ಚಂದ್ರ. ಊಟಕ್ಕೆ ಮುಂಚೆ ಅಂದರೆ ಖಾಲಿ ತಟ್ಟೆ, ಊಟದ ಮೇಲೆ ಅಂದರೆ ತುಂಬಿದ ತಟ್ಟೆ. ಬರೆದು ಕೈಗೆ ಕೊಟ್ಟು ಕಳಿಸಬೇಡಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ನಮ್ಮಲ್ಲಿ ಒಬ್ಬರು ಚಂದ್ರನನ್ನು ನೋಡಿ, ‘ಇದು ಹುಣ್ಣಿಮೆಗೆ ಮಾತ್ರ ತಗೊಳ್ಳೋದಾ?’ ಎಂದು ಕೇಳಿದ್ದರು.

ಡ್ರಿಪ್ ಸ್ಟ್ಯಾಂಡ್ ಸಿಗದಿದ್ದರೆ ಬ್ಯಾಂಡೇಜ್ ಬಟ್ಟೆಯಲ್ಲಿ ಬಾಟಲಿಯನ್ನು ಕಿಟಕಿ ಗ್ರಿಲ್‌ಗೆ ಕಟ್ಟಬಹುದು. ಆದರೆ ಬಾಟಲಿಯ ಎತ್ತರ ಬದಲಾದರೆ ಹನಿಯ ವೇಗವೂ ಬದಲಾಗುತ್ತದೆ, ಕಟ್ಟಿದ ಮೇಲೆ ಮತ್ತೆ ಎಣಿಸಿ. 1 ಎಂಎಲ್‌ಗೆ 20 ಹನಿ ಬೀಳುವ ಡ್ರಿಪ್ ಸೆಟ್‌ನಲ್ಲಿ (ಬಾಟಲಿಗೆ ಹಾಕುವ ನಳಿಕೆ) 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. 1 ಎಂಎಲ್‌ಗೆ 60 ಸಣ್ಣ ಹನಿ ಬೀಳುವ ಮೈಕ್ರೋ ಸೆಟ್ ಆದರೆ ಲೆಕ್ಕ ಸುಲಭ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ.

ಸೂಜಿ ಹಾಕಲು ನರ (ರಕ್ತನಾಳ) ಸಿಗದಿದ್ದರೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ, ಕೈಯನ್ನು ಸ್ವಲ್ಪ ಹೊತ್ತು ಮಂಚದಿಂದ ಕೆಳಗೆ ಇಳಿಬಿಡಿ. ಟವೆಲ್ಲನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಶುಗರ್ ಇರುವ ಕೆಲವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಕೈತುಂಬಾ ಕೂದಲಿರುವವರಿಗೆ ಟೇಪ್ ಕೀಳುವ ಮುಂಚೆ ಅಂಚಿಗೆ ಕೊಬ್ಬರಿ ಎಣ್ಣೆ ಸವರಿ. ‘ಅಯ್ಯಯ್ಯೋ’ ಎನ್ನುವ ಸದ್ದು ವಾರ್ಡಿನಲ್ಲಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅಳುವ ಮಗುವಿಗೆ ಗ್ಲೌಸ್ ಉಬ್ಬಿಸಿ, ಕಣ್ಣು ಕೊಕ್ಕು ಬರೆದರೆ ಕೋಳಿ ರೆಡಿ. ಅದನ್ನು ಡ್ರಿಪ್ ಸ್ಟ್ಯಾಂಡಿಗೆ ಎತ್ತರದಲ್ಲಿ ಕಟ್ಟಿ, ಕೈಗೆ ಕೊಡಬೇಡಿ. ಒಡೆದ ಚೂರು ಬಾಯಿಗೆ ಹೋದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹಳಬರು ಹೇಳುವ ಎಲ್ಲಾ ಉಪಾಯವನ್ನೂ ನಂಬಬೇಡಿ. ನೀರು ತುಂಬಿದ ಗ್ಲೌಸನ್ನು ಹಿಮ್ಮಡಿ ಕೆಳಗೆ ಇಡುವುದು ಅಂಥದ್ದು. ಅದರಿಂದ ಬೆಡ್‌ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ತಪ್ಪುವುದಿಲ್ಲ. ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಸ್ಪಿರಿಟ್ಟನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದಂತೂ ಯಾರೇ ಹೇಳಿದರೂ ಬೇಡ. ಮೈಗೆ ಚುಚ್ಚುವುದು, ಒಳಗೆ ಹೋಗುವುದು ಯಾವುದಾದರೂ ಆಗಲಿ, ಅಲ್ಲಿ ಉಪಾಯಕ್ಕೆ ಜಾಗವಿಲ್ಲ. ಸೂಜಿಗೆ ಮತ್ತೆ ಕ್ಯಾಪ್ ಹಾಕದೆ ನೇರವಾಗಿ ಬಳಸಿದ ಸೂಜಿಗಳ ಬಿಳಿ ಡಬ್ಬಕ್ಕೆ ಹಾಕಿ. ಸಾಮಾನು ಇಲ್ಲದಿದ್ದರೆ ಇನ್‌ಚಾರ್ಜ್‌ಗೆ ಫೋನ್ ಮಾಡಿ, ಪಕ್ಕದ ವಾರ್ಡಿನಿಂದ ತನ್ನಿ, ರಿಜಿಸ್ಟರಿನಲ್ಲಿ ಬರೆಯಿರಿ.

ಮಕ್ಕಳ ವಾರ್ಡಿನ ಬ್ರದರ್‌ಗಳು ಯಾರಾದರೂ ಇದ್ದರೆ ಒಂದು ಹೇಳಿ: ನೆಬ್ಯುಲೈಸರ್ (ಔಷಧಿಯನ್ನು ಮಂಜು ಮಾಡಿ ಉಸಿರಿನಲ್ಲಿ ಕೊಡುವ ಯಂತ್ರ) ಮಾಸ್ಕ್ ಕಂಡರೆ ಮಂಚದ ಕೆಳಗೆ ಓಡುವ ಮಕ್ಕಳನ್ನು ಹೇಗೆ ಒಪ್ಪಿಸ್ತೀರಿ? ಅದು ನನಗೂ ಬೇಕು.