ಮಗನ ಸುಂತಿ (ಶಿಶ್ನದ ಮುಂದಿನ ಚರ್ಮ ತಗಸೂದು) ಈಗ ಮಾಡಿಸೂದೋ, ತಡಿಯೂದೋ? ಅನುಭವ ಇದ್ದವರು ಹೇಳ್ರಿ

ಕೇಳಿದವರು, ವಿಜಯಪುರ:
ನಮಸ್ಕಾರ್ರಿ ಎಲ್ಲಾರಿಗೂ. ಗಂಡ್ ಕೂಸದ ನಮಗ, ಮೊನ್ನೆ ಎರಡ್ ತಿಂಗಳ ತುಂಬಿ ಮೂರಕ್ಕ ಬಿತ್ತು. ನಲವತ್ತ ದಿನಾ ಮುಗದಾಗಿಂದ ನಮ್ಮ ಅತ್ತಿ ಒಂದೇ ಹಾಡ ಹಚ್ಯಾರ, ಬ್ಯಾಸಗಿ ಹತ್ತೂದ್ರೊಳಗ ಸುಂತಿ ಮಾಡಿಸಿ ಕೈ ತೊಳಕೋರಿ, ಸಣ್ಣಾಂವ ಇದ್ದಾಗ ಆದ್ರ ಅವಗ ನೆನಪೂ ಇರಂಗಿಲ್ಲ ಅಂತ. ಜರ್ಮನಿ ಒಳಗ ಇರೂ ನಮ್ಮ ಮೈದುನ ಫೋನ್ ಹಚ್ಚಿದಾಗೊಮ್ಮೆ "ಭಾಬಿ, ಇಲ್ಲಿ ಕೋರ್ಟೇ ಇದು ತಪ್ಪು ಅಂದದ, ಕೂಸಿನ ಮೈ ಕೂಸಿಂದು, ದೊಡ್ಡಾಂವಾಗಿ ಅವನೇ ಹೇಳ್ಲಿ" ಅಂತಾನ. ನಮ್ಮನಿಯವರು ಇಬ್ಬರ ಮಾತಿಗೂ ಹೂಂ ಅಂತಾರ. ವಾಟ್ಸಾಪ್‌ನ್ಯಾಗ ಒಂದ್ ವಿಡಿಯೋ ಬರತದ ಕ್ಯಾನ್ಸರ್ ಬರಂಗಿಲ್ಲ ಏಡ್ಸ್ ಬರಂಗಿಲ್ಲ ಅಂತ, ಮರುದಿನ ಇನ್ನೊಂದ್ ಬರತದ ಜೀವಮಾನದ ಹಾನಿ ಅಂತ. ನನಗ ಧರ್ಮದ ಜಗಳ ಬ್ಯಾಡ್ರಿ. ಮಾಡಿಸಿದವರು, ಮಾಡಿಸದವರು, ದವಾಖಾನ್ಯಾಗ ಕೆಲಸಾ ಮಾಡಾವ್ರು ಏನ್ ಕಂಡೀರಿ ಅಷ್ಟ ಹೇಳ್ರಿ.

ಇಳಕಲ್‌ದಿಂದ ಒಬ್ಬರು:
ಅಕ್ಕಾರ, ನಂದು ಏಳನೇ ವರ್ಷಕ್ಕ ಆತು, 1991ರಾಗ. ಹೊಸಾ ಲುಂಗಿ, ಕೊಳ್ಳಾಗ ಮಲ್ಲಿಗಿ ಮಾಲಿ, ಕೈಯಾಗ ಹತ್ತರ ನೋಟು, ನಂದ ಮದುವಿ ಐತಿ ಅಂತ ತಿಳಕೊಂಡಿದ್ದೆ. ಮಾಮಾ ಹಿಂದಿನಿಂದ ಎರಡೂ ಕೈ ಹಿಡಕೊಂಡು "ಮ್ಯಾಲ ನೋಡು, ಜಂತಿ ಮ್ಯಾಲ ಬಂಗಾರದ ಹಕ್ಕಿ ಕುಂತೈತಿ" ಅಂದ. ನೋಡಿದೆ. ಹಕ್ಕಿ ಇರಲಿಲ್ಲ, ಸುಣ್ಣ ಉದುರಿದ ಜಂತಿ ಇತ್ತು, ಅದಕ್ಕ ತೊಟ್ಟಲಾ ಕಟ್ಟೂ ಕಬ್ಬಿಣದ ಕೊಂಡಿ. ಆ ಕೊಂಡಿ ಇವತ್ತಿಗೂ ಕಣ್ಣಿಗೆ ಕಟ್ಟಿದಂಗ ಐತಿ. ಇಂಜೆಕ್ಷನ್ ಗಿಂಜೆಕ್ಷನ್ ಏನಿಲ್ಲ, ಬೂದಿ ಹಚ್ಚಿ ಅರಬಿ ಸುತ್ತಿದ್ರು, ಹದಿನೈದ ದಿನಾ ಕಾಲ ಅಗಲಿಸಿಕೊಂಡ ಅಡ್ಡಾಡೀನಿ. ಮಾಮಾನ ಮ್ಯಾಲ ಸಿಟ್ಟು ಭಾಳ ವರ್ಷ ಇತ್ತು, ಸುಳ್ಳ ಹೇಳಿದ ಅಂತ. ನನ್ನ ಮಗಂದು ಹನ್ನೆರಡನೇ ದಿನಕ್ಕ ದವಾಖಾನ್ಯಾಗ ಮಾಡಿಸೇನಿ, ಜೋಮ ಹಿಡಿಸೂ ಇಂಜೆಕ್ಷನ್ ಕೊಟ್ಟು. ಮಾಡಸೂದಾದ್ರ ಸಣ್ಣದಿದ್ದಾಗನ ಮಾಡಸ್ರಿ.

ಗೋಕಾಕದಿಂದ, ಐದು ವರ್ಷದ ಹುಡುಗನ ಅಪ್ಪ:
ನಮ್ಮ ಮನ್ಯಾಗ ಈ ಪದ್ಧತಿ ಇಲ್ರಿ, ಆದ್ರೂ ನಾವೂ ಇದರಾಗ ಸಿಕ್ಕೊಂಡಿದ್ವಿ. ಮಗಾ ನಾಕ ವರ್ಷದಾಂವ ಇದ್ದಾಗ ಉಚ್ಚಿ ಹೊಯ್ಯುಮುಂದ ಮುಂದಿನ ಚರ್ಮ ಬಲೂನಿನಂಗ ಉಬ್ಬತಿತ್ತು. ಒಬ್ಬ ಡಾಕ್ಟರ್ ನೋಡಿದವರ ಫೈಮೋಸಿಸ್, ಅಂದ್ರ ಮುಂದಿನ ಚರ್ಮ ಬಿಗಿ ಐತಿ ಅಂದ್ರು, ಮುಂದಿನ ಸೋಮವಾರ ಆಪರೇಶನ್‌ಗೆ ಕರಕೊಂಬರ್ರಿ ಅಂದ್ರು, ಎರಡ ನಿಮಿಷದ ಮಾತು. ಹೆದರಿ ಬೆಳಗಾವಿಗೆ ಮಕ್ಕಳ ಸರ್ಜನ್ ಹತ್ರ ಹೋದ್ವಿ. ಅವರು ಪೇನ್ ತಗೊಂಡ ಚಿತ್ರಾ ಬರದ ತೋರಿಸಿದ್ರು, ಹುಟ್ಟಿದ ಗಂಡಮಕ್ಕಳಾಗ ಬಹುತೇಕ ಎಲ್ಲಾರಿಗೂ ಆ ಚರ್ಮ ಒಳಗ ಅಂಟಕೊಂಡ ಇರತೈತಿ, ವಯಸ್ಸಾದಂಗ ತಾನ ಬಿಡತೈತಿ, ಡೆನ್ಮಾರ್ಕ್‌ದಾಗ 1968ರಾಗ ಶಾಲಿ ಹುಡುಗೂರನ್ನ ನೋಡಿ ಬರದಿಟ್ಟಾರ, 17ರ ಹೊತ್ತಿಗೆ ನೂರಕ್ಕ ಒಬ್ಬನಿಗಷ್ಟ ಬಿಗಿ ಉಳದಿತ್ತು ಅಂತ. ಸ್ಟೀರಾಯ್ಡ್ ಮುಲಾಮು ಬರದಕೊಟ್ರು, ದಿನಕ್ಕ ಎರಡ ಸಲ, ಆರ ವಾರ. ಸಡಲಾತು. ಆಪರೇಶನ್ ಇಲ್ಲ ಏನಿಲ್ಲ. ತುದಿ ಬಿಳಚಿ ಗಟ್ಟಿಯಾಗಿ ಕಲೆ ಬಿದ್ದಂಗಾಗಿದ್ರ ಆಪರೇಶನ್ನ ಬೇಕಿತ್ತು, ನಿಮ್ಮ ಹುಡುಗಂದು ಹಂಗಿಲ್ಲ ಅಂದ್ರು.

ಇನ್ನೊಂದ್ ಮಾತು, ಇದನ್ನ ಹೇಳಾಕ ನಾಚಿಗಿ ಬರತೈತಿ ಆದ್ರೂ ಹೇಳ್ತೀನಿ, ನಮ್ಮವ್ವ ಎರಿಯುಮುಂದ ದಿನಾ ಆ ಚರ್ಮ ಹಿಂದಕ ಜಗ್ಗಿ ಎಣ್ಣಿ ಹಾಕತಿದ್ಲು, ಹೊಲಸ ಕೂಡಬಾರದಂತ. ಸರ್ಜನ್ ಕೇಳಿದ ಮೊದಲನೇ ಪ್ರಶ್ನೆ ಅದ, "ಮನ್ಯಾಗ ಯಾರರ ಜಗ್ಗತಾರೇನು?" ಜಗ್ಗಿದ್ರ ಸಣ್ಣಗ ಹರದು ಮಾಯ್ದು ಮತ್ತ ಬಿಗಿ ಆಕ್ಕತೇತಂತ.

ಬೆಳಗಾವಿ, ಮಕ್ಕಳ ವಾರ್ಡಿನ ಸಿಸ್ಟರ್:
ತಂಗಿ, 22 ವರ್ಷ ಮಕ್ಕಳ ವಾರ್ಡಿನ್ಯಾಗ ಡ್ಯೂಟಿ ಮಾಡೇನಿ, ಆಪರೇಶನ್ ಮಾಡಾಕಿ ಅಲ್ಲ, ಕೂಸಿನ ಕಾಲ ಹಿಡಕೊಳ್ಳಾಕಿ, ಡ್ರೆಸಿಂಗ್ ಬಿಚ್ಚಾಕಿ. ಉದ್ದ ಆಕ್ಕತಿ, ಕೂಸ ಮಲಗಿದಾಗ ಓದು.

ಮೂತ್ರದ ಸೋಂಕು ಮೊದಲ. ಇದರಾಗ ಖರೇನ ಲಾಭ ಐತಿ. ಆದ್ರ ಸಾದಾ ಆರೋಗ್ಯ ಇದ್ದ ಗಂಡ ಕೂಸಿಗೆ ಆ ಸೋಂಕು ಆಗೂದ ನೂರಕ್ಕ ಒಬ್ಬರಿಗೆ. 2005ರಾಗ 12 ಅಧ್ಯಯನದ್ದು, ನಾಲ್ಕ ಲಕ್ಷದ ಮ್ಯಾಲ ಮಕ್ಕಳದ್ದು ಲೆಕ್ಕಾ ಕೂಡಿಸಿ ನೋಡ್ಯಾರ, ಒಂದ ಸೋಂಕು ತಪ್ಪಿಸಬೇಕಂದ್ರ 111 ಕೂಸಗಳಿಗೆ ಸುಂತಿ ಆಗಬೇಕು ಅಂತ ಬಂದೈತಿ. ಸೋಂಕು ಬಂತಂದ್ರೂ ಲಗೂನ ಗುರ್ತ ಹಿಡದ್ರ ಆಂಟಿಬಯಾಟಿಕ್‌ಗೆ ಹೋಗತೈತಿ. ಅದ ಲೆಕ್ಕದಾಗ, ಉಚ್ಚಿ ತಿರುಗಿ ಕಿಡ್ನಿ ಕಡೆ ಏರೂ ತ್ರಾಸು ಜೋರಿದ್ದ ಮಕ್ಕಳಿಗಾದ್ರ 4 ಮಂದಿಗೆ ಮಾಡಿದ್ರ ಒಂದ ಸೋಂಕು ತಪ್ಪತೈತಿ. ಅಂಥಾ ಕೂಸಿಗೆ ಇದು ಔಷಧ ಇದ್ದಂಗ, ನಿನ್ನ ಕೂಸಿಗೆ ಅಲ್ಲ.

ಏಡ್ಸ್ ವಿಡಿಯೋದ ಬೇರು ಎಲ್ಲಿ ಐತಿ ಅಂದ್ರ ದಕ್ಷಿಣ ಆಫ್ರಿಕಾ, ಕೆನ್ಯಾ, ಉಗಾಂಡಾದಾಗ. ಮೂರೂ ಕಡೆ ಕೂಡಿ ಸುಮಾರು 11 ಸಾವಿರ ಗಂಡಸರನ್ನ ತಗೊಂಡ ನೋಡಿದ್ರು, ಹೆಂಗಸಿನಿಂದ ಗಂಡಸಿಗೆ ಎಚ್‌ಐವಿ ಹತ್ತೂದು 50ರಿಂದ 60 ಪರ್ಸೆಂಟ್ ಕಡಿಮಿ ಆತು, 2007ರಾಗ ವಿಶ್ವ ಆರೋಗ್ಯ ಸಂಸ್ಥೆಯವರು ಆ ರೋಗ ಭಾಳ ಹಬ್ಬಿದ ದೇಶಗಳಿಗೆ, ಕಾಂಡೋಮ್ ಬಿಡದಂಗ, ಇದನ್ನೂ ಮಾಡ್ರಿ ಅಂದ್ರು. ಸುಳ್ಳಲ್ಲ. ಆದ್ರ ಅವರೆಲ್ಲಾ ಹರೇದ ಗಂಡಸರು, ತಾವಾಗಿ ಬಂದು ಒಪ್ಪಿದವರು. ತೊಟ್ಟಲದಾಗ ಇದ್ದ ಕೂಸಿಗೆ ಆ ಗಂಡಾಂತರ ಇನ್ನಾ ಹದಿನೈದಿಪ್ಪತ್ತ ವರ್ಷ ಇಲ್ಲ, ಅಷ್ಟೊತ್ತಿಗೆ ಆಂವ ತಾನ ಹೇಳಬಲ್ಲ. ನಮ್ಮ ಬಾಗಲಕೋಟಿ, ಬೆಳಗಾವಿ ಒಂದ ಕಾಲಕ್ಕ ರಾಜ್ಯದಾಗ ಎಚ್‌ಐವಿ ಹೆಚ್ಚಿದ್ದ ಜಿಲ್ಲಾ, ಇಲ್ಲಿ ಕೆಲಸಾ ಮಾಡಿದ್ದು ತಪಾಸಣಿ, ಕಾಂಡೋಮ್, ಎಚ್‌ಐವಿ ಹತೋಟಿಗಿಡೂ ಎಆರ್‌ಟಿ ಗುಳಿಗಿ. ಕ್ಯಾನ್ಸರ್ ಅಂತೂ ಅದು ಅಪರೂಪದ ಕ್ಯಾನ್ಸರ್, ಬಿಗಿ ಚರ್ಮ, ಹೊಲಸು, ಬೀಡಿ ಸಿಗರೇಟು, ಎಚ್‌ಪಿವಿ ವೈರಸ್ ಎಲ್ಲಾ ಕೂಡಿ ಬರೂದು.

ಜೀವಮಾನದ ಹಾನಿ ಅನ್ನೂ ವಿಡಿಯೋನೂ ಅಷ್ಟ ಅತೀ ಐತಿ. ಆಫ್ರಿಕಾದ ಅದ ಗಂಡಸರನ್ನ ಮುಂದ ಕೇಳಿದಾಗ ಸಂಸಾರದ ಸುಖಕ್ಕ ಕೊರತಿ ಆಗೇತಿ ಅನ್ನೂದೇನ ಕಾಣಲಿಲ್ಲ.

ಇನ್ನ ದೊಡ್ಡ ದೊಡ್ಡ ಡಾಕ್ಟರ್ ಸಂಘದವರು ಏನಂತಾರ? ಅಮೆರಿಕದ ಮಕ್ಕಳ ಡಾಕ್ಟರ್ ಸಂಘ 2012ರಾಗ ಹಾನಿಕಿಂತಾ ಲಾಭದ ತೂಕ ಹೆಚ್ಚೈತಿ ಅಂತು, ಆದ್ರ ಎಲ್ಲಾ ಕೂಸಿಗೂ ಮಾಡ್ರಿ ಅನ್ನೂವಷ್ಟಿಲ್ಲ, ತಂದಿ ತಾಯಿಗೆ ಬಿಟ್ಟದ್ದು ಅಂತು. ಕೆನಡಾದವರು 2015ರಾಗ ಎಲ್ಲಾರಿಗೂ ಮಾಡಬ್ಯಾಡ್ರಿ ಅಂದ್ರು. ನೆದರ್ಲೆಂಡ್ಸ್ ಡಾಕ್ಟರ್ ಸಂಘದವರು 2010ರಾಗ ಇದಕ್ಕ ವೈದ್ಯಕೀಯ ಕಾರಣನ ಇಲ್ಲ, ಕೂಸಿನ ಹಕ್ಕಿಗೆ ವಿರುದ್ಧ ಅಂದ್ರು. ಹೆಚ್ಚು ಕಡಿಮಿ ಅವ ಕಾಗದಾ ಓದಿ ಮೂರ ಮಂದಿ ಮೂರ ಮಾತ ಆಡ್ಯಾರ. ನನಗನಸೂದು, ಅಮೆರಿಕದಾಗ ಮೊದಲಿಂದ ಅರ್ಧಕ್ಕರ್ಧ ಮಕ್ಕಳಿಗೆ ಆಕ್ಕೋತ ಬಂದೈತಿ, ನೆದರ್ಲೆಂಡ್ಸ್‌ದಾಗ ಇಲ್ಲ, ಡಾಕ್ಟರ್ ಆದ್ರೇನು, ರೂಢಿ ಅನ್ನೂ ಚಾಳೀಸ ಎಲ್ಲಾರ ಮೂಗಿನ ಮ್ಯಾಲೂ ಇರತೈತಿ.

ಕೇಳಿದವರು:
ಸಿಸ್ಟರ್, ಅಂದ್ರ ಮಾಡಸಬ್ಯಾಡ ಅಂತೀರೇನ್ರಿ? ಮತ್ತ ನಮ್ಮ ಅತ್ತಿ ಹೇಳೂದು, ಸಣ್ಣಾಂವ ಇದ್ದಾಗ ಸುಲಭ ಅನ್ನೂದು, ಅದು ಖರೇ ಅದನೋ ಇಲ್ಲೋ?

ಸಿಸ್ಟರ್:
ಖರೇ ಐತಿ, ನಿಮ್ಮ ಅತ್ತಿ ದಡ್ಡಿ ಅಲ್ಲ. 2010ರಾಗ ಎಲ್ಲಾ ಅಧ್ಯಯನ ಹರವಿಕೊಂಡ ನೋಡಿದಾಗ ಕೂಸಗಳಾಗ ಏನರ ತ್ರಾಸು ಆದದ್ದು ನೂರಕ್ಕ ಒಂದೂವರಿ, ದೊಡ್ಡ ಹುಡುಗೂರಾಗ ಆರು. ಕೂಸಿಗಾದ್ರ ಜೋಮಿನ ಇಂಜೆಕ್ಷನ್ ಸಾಕು, ನಾಕೈದ ತಿಂಗಳ ದಾಟಿ ಒದ್ದಾಡೂದು ಹೆಚ್ಚಾದ್ರ ಪೂರ್ತಿ ಮಂಪರ ಕೊಡಬೇಕಾಕ್ಕತಿ. ಗಂಟ ಬಿದ್ದಿರೂದು ಇಲ್ಲೇ ನೋಡು. ಮೈಗೆ ಹಗರ ಆಗೂದು ಕೂಸಿದ್ದಾಗ, ಆದ್ರ ಕೂಸಿಗೆ ಬಾಯಿಲ್ಲ. ಬಾಯಿ ಬರೂತನಕ ತಡದ್ರ ಮೈಗೆ ಭಾರ. ಎರಡೂ ಕೂಡಿ ಯಾರಿಗೂ ಸಿಗಂಗಿಲ್ಲ.

ನಾ ಬ್ಯಾಡ ಅನ್ನಾಕಿ ಅಲ್ಲ, ಹೂಂ ಅನ್ನಾಕೀನೂ ಅಲ್ಲ. ಒಂದ ಮಾತ ಹೇಳ್ತೀನಿ, ನೀವು ಮಾಡಸೂದು ಧರ್ಮಕ್ಕಾಗಿ, ಮನಿತನಕ್ಕಾಗಿ ಆದ್ರ ಹಂಗ ಅಂತ ನೆಟ್ಟಗ ಒಪ್ಕೋರಿ, ಕ್ಯಾನ್ಸರ್ ಏಡ್ಸ್ ಅನ್ನೂ ಜರತಾರಿ ಹೊಚ್ಚಬ್ಯಾಡ್ರಿ. ಹೊಚ್ಚಿದ್ರ ಏನಾಕ್ಕತಿ ಅಂದ್ರ, ಬ್ಯಾನಿಗೆ ಔಷಧ ಕೊಟ್ಟಾರೋ ಇಲ್ಲೋ, ಯಾರ ಕೈಯಾಗ ಕೊಡಾಕತ್ತೀವಿ ಅಂತ ಕೇಳೂದ ಬಿಟ್ಟುಬಿಡತಾರ, "ಆರೋಗ್ಯಕ್ಕ ಛಲೋ ಅಲ್ಲೇನು" ಅಂತ. ನಾ ಕಂಡ ತ್ರಾಸಿನ ಕೂಸಗಳಾಗ ಭಾಳಷ್ಟು ಹಂಗ ಬಂದಾವ.

ಜಮಖಂಡಿ, ಕಾನೂನು ಕಲಿಸುವವರು:
ಆ ಜರ್ಮನಿ ಮಾತು ಅರ್ಧ ಸರಿ. 2012ರ ಮೇ ತಿಂಗಳಲ್ಲಿ ಕಲೋನ್ ನಗರದ ಕೋರ್ಟು ನಾಲ್ಕು ವರ್ಷದ ಹುಡುಗನ ಕೇಸಿನಲ್ಲಿ, ತಂದೆತಾಯಿ ಒಪ್ಪಿದ್ದರೂ ಇದು ದೇಹಕ್ಕೆ ಮಾಡಿದ ಗಾಯವೇ ಅಂದಿತು, ಆದರೆ ಡಾಕ್ಟರನ್ನ ಖುಲಾಸೆ ಮಾಡಿತು. ಅಲ್ಲಿನ ಯಹೂದಿಗಳು ಮುಸ್ಲಿಮರು ಇಬ್ಬರೂ ಎದ್ದು ನಿಂತರು, ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿ, ವೈದ್ಯಕೀಯ ನಿಯಮ ಪಾಲಿಸಿದರೆ ತಂದೆತಾಯಿ ಮಾಡಿಸಬಹುದು ಅಂತ ಬರೆಯಿತು. ಮೈದುನರಿಗೆ ಆ ಡಿಸೆಂಬರ್ ಭಾಗವನ್ನೂ ಓದಿಕೊಳ್ಳಲಿಕ್ಕೆ ಹೇಳಿ. ನಮ್ಮಲ್ಲಿ ಇದನ್ನ ತಡೆಯುವ ಕಾನೂನು ಇಲ್ಲ.

ಆದರೆ ಕಾನೂನು ಬಿಡುತ್ತದೆ ಅಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲ್ಲ ನೋಡಿ. ಕಿವಿ ಚುಚ್ಚಿಸೋದಿಲ್ವಾ ಅಂತ ಎಲ್ಲರೂ ಕೇಳ್ತಾರೆ, ಬೇಡ ಅಂದರೆ ಕಿವಿ ತೂತು ಬಹಳ ಮಟ್ಟಿಗೆ ಮುಚ್ಚಿಕೊಳ್ಳುತ್ತದೆ, ಇದು ಮುಚ್ಚಿಕೊಳ್ಳಲ್ಲ. ಇನ್ನೊಂದು ಕಡೆ, ತನ್ನವರೆಲ್ಲರ ನಡುವೆ ತಾನೊಬ್ಬನೇ ಬೇರೆ ಅಂತ ಬೆಳೆಯೋ ಹುಡುಗನ ಕಷ್ಟವನ್ನ ಲೆಕ್ಕಕ್ಕೆ ಹಿಡಿಯದೆ "ಅವನೇ ಹೇಳಲಿ" ಅನ್ನೋದು ದೂರದಲ್ಲಿ ಕೂತು ಹೇಳೋ ಮಾತು. ನನ್ನ ಮಟ್ಟಿಗೆ ತಡೆಯೋದು ಸರಿ ಅನ್ನಿಸುತ್ತೆ, ಆದರೆ ನನ್ನ ಮನೆಯಲ್ಲಿ ಆ ಅತ್ತೆ ಇಲ್ಲ.

ಮುಧೋಳದಿಂದ ಒಬ್ಬ ತಾಯಿ:
ಎಲ್ಲಾರೂ ಮಾಡಸೂದು ಬಿಡೂದು ಮಾತಾಡಾಕತ್ತೀರಿ, ನಾ ಒಂದ ಹೇಳ್ತೀನಿ ಕೇಳವ್ವಾ. ನನ್ನ ಎರಡನೇ ಮಗಂದು ಯಾರೋ ಹೇಳಿದ್ರಂತ ಒಂದ ಕಡೆ, ಹೆಸರ ಬ್ಯಾಡ, ಒಂದ ದಿನಾ ಐದಾರ ಹುಡುಗೂರಿಗೆ ಸಾಲಾಗಿ ಮಾಡ್ತಿದ್ರು, ಅಲ್ಲಿ ಮಾಡಿಸಿದ್ವಿ. ಯಾರೂ ಸರಿಯಾಗಿ ನೋಡಲಿಲ್ಲ. ಅವಂದು ಉಚ್ಚಿ ಬರೂ ತೂತು ತುದಿಗಿರಲಿಲ್ಲ, ಕೆಳಗಿತ್ತು. ಉಚ್ಚಿ ಹೊಯ್ದ್ರ ಧಾರಿ ಕಾಲಮ್ಯಾಲ ಬೀಳತಿತ್ತು, ನಾವು ಸಣ್ಣಂವ ಅದಾನ ಅಂತ ನಕ್ಕ ಬಿಟ್ಟಿದ್ವಿ. ಮುಂದ ದೊಡ್ಡ ಡಾಕ್ಟರ್ ಹೇಳಿದ್ರು, ಅದನ್ನ ಸರಿ ಮಾಡಾಕ ಇದ ಮುಂದಿನ ಚರ್ಮ ಬಟ್ಟಿ ಇದ್ದಂಗ ಬೇಕಾಗತಿತ್ತು, ಅದನ್ನ ಕತ್ತರಿಸಿ ಒಗದಬಿಟ್ಟೀರಿ ಅಂತ. ಎರಡ ಆಪರೇಶನ್ ಆದವು. ಅದಕ್ಕ ಮೊದಲ ತೂತ ಎಲ್ಲೈತಿ ನೋಡಸ್ರಿ. ಮನಿತನದಾಗ ಯಾರಿಗರ ಗಾಯ ಆದ್ರ ರಕ್ತ ನಿಲ್ಲದ ರೋಗ ಇದ್ರ ಅದನ್ನೂ ಹೇಳ್ರಿ, ತಾಯಿ ಕಡೆ ಸೋದರಮಾವಂದಿರ ಸುದ್ದಿ ವಿಶೇಷವಾಗಿ ಕೇಳ್ರಿ.

ಕೇಳಿದವರು (ಒಂದು ವಾರದ ಮ್ಯಾಲ):
ಮೂರೂ ಮಂದಿ ಹೋಗಿದ್ವಿ, ಅತ್ತೀನೂ ಬಂದ್ರು. ಡಾಕ್ಟರ್ ನೋಡಿ ಎಲ್ಲಾ ಜಾಗಾದಾಗ ಅದ ಅಂದ್ರು. ನಾ ಬಾಯಿ ಬಿಟ್ಟ ಕೇಳಿದೆ, ಇದರಿಂದ ರೋಗ ತಪ್ಪತದೇನ್ರಿ ಅಂತ, ಅವರು ನಕ್ಕು "ಅವ್ವಾ, ನೀವು ಅದಕ್ಕಾಗಿ ಬಂದೀರೇನು?" ಅಂದ್ರು. ಅತ್ತಿ ನನ್ನ ಮಾರಿ ನೋಡಿದ್ರು, ನಾ ಅತ್ತಿ ಮಾರಿ ನೋಡಿದೆ. "ಇಲ್ರಿ ಡಾಕ್ಟರ್, ನಮ್ಮ ಪದ್ಧತಿ" ಅಂತ ಅತ್ತಿನ ಹೇಳಿದ್ರು. ಬರೂ ಗುರುವಾರ ಅಂತ ಬರಸೇವಿ, ಜೋಮಿನ ಇಂಜೆಕ್ಷನ್ ಕೊಟ್ಟೇ ಮಾಡೂದು ಅಂತ ಚೀಟಿ ಮ್ಯಾಲ ಬರಸಕೊಂಡೇನಿ. ಮೈದುನ ಸಿಟ್ಟಾಗ್ಯಾನ, ನನಗೂ ರಾತ್ರಿ ನಿದ್ದಿ ಸರಿಯಾಗಿ ಬರವಲ್ದು, ತಪ್ಪ ಮಾಡಾಕತ್ತೀನೇನೋ ಅಂತ ಅನಸತದ, ಮರುಗಳಿಗಿ ಇಲ್ಲ ಅನಸತದ.

ಸಿಸ್ಟರ್:
ಆತು ತಂಗಿ. ಡೈಪರ್ ಬದಲಿಸಿದಾಗೊಮ್ಮೆ ವ್ಯಾಸಲಿನ್ ಧಾರಾಳ ಹಚ್ಚು, ಕಂಜೂಸಿ ಮಾಡಬ್ಯಾಡ, ಗಾಯಕ್ಕ ಅರಬಿ ಅಂಟಕೊಂಡ್ರ ಬಿಡಸುಮುಂದ ಕೂಸಿನಕಿಂತಾ ನೀ ಹೆಚ್ಚ ಅಳತಿ. ಎರಡ ಮೂರನೇ ದಿನಕ್ಕ ಹಳದಿ ಪೊರೆಯಂಥಾದ್ದು ಕಾಣತೈತಿ, ಅದು ಕೀವ ಅಲ್ಲ, ಒರಸಬ್ಯಾಡ. ಒತ್ತಿ ಹಿಡದ್ರೂ ರಕ್ತ ನಿಲ್ಲಲಿಲ್ಲ, ಅಥವಾ ಎಂಟ ತಾಸಾದ್ರೂ ಉಚ್ಚಿ ಹೊಯ್ಯಲಿಲ್ಲ ಅಂದ್ರ ಬೆಳತನಕ ಕಾಯದ ಹೋಗ್ರಿ. ಅತ್ತಿಗೆ ಹೇಳು, ಬೂದಿ ಒಲಿಯಾಗ ಇರಲಿ.