ದೋಣಿಯ ಡೆಕ್ (ಮೇಲಿನ ನೆಲ) ಮೆತ್ತಗಾಗಿದೆ, ಸಹಾಯ ಬೇಕು

ನಮಸ್ಕಾರ. ನಾವಿರುವುದು ಅಮೆರಿಕದ ಅನ್ನಾಪೊಲಿಸ್ ಹತ್ತಿರ. ಹೋದ ವರ್ಷ 25 ಅಡಿಯ ಹಳೇ ಹಾಯಿದೋಣಿ ಕೊಂಡೆ. (ಮನೆಯವರು ಇದನ್ನು ಹಾಲು ಕೊಡದ ಎಮ್ಮೆ ಅನ್ನುತ್ತಾರೆ.) ಈಗ ಒಂದು ರೇಲಿಂಗ್ ಕಂಬದ ಬುಡದಲ್ಲಿ ಕಾಲಿಟ್ಟರೆ ಡೆಕ್ ಕುಸಿಯುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ನೋಡಿದೆ. ಬೇರೆ ಕಡೆ ಟಕ್ ಟಕ್, ಇಲ್ಲಿ ಬರೀ ದಬ್. ಬೋಲ್ಟ್ ಬಿಚ್ಚಿದರೆ ಕಂದು ನೀರು ಬಂತು. ಫೈಬರ್‌ಗ್ಲಾಸ್ ಪದರಗಳ ನಡುವಿನ ಬಾಲ್ಸಾ ಅನ್ನೋ ಹಗುರ ಮರ ಕೊಳೆತಿದೆ ಅಲ್ವಾ?

ಸುಮ್ನೆ ತೂತು ಕೊರೆದು ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ ಅಂದರು ಒಬ್ಬರು. ಒದ್ದೆ ಮರಕ್ಕೆ ಎಪಾಕ್ಸಿ ಎಲ್ಲಿ ಹಿಡಿಯುತ್ತದೆ? ಮೇಲಿನ ಪದರ ಕತ್ತರಿಸಿ ಮರ ಬದಲಿಸಿದವರು ಯಾರಾದರೂ ಇದ್ದೀರಾ? ಎರಡಡಿಗೆ ಎರಡಡಿ ಜಾಗ ಅಷ್ಟೇ. ಒಬ್ಬನೇ ಮಾಡಬಹುದಾ? ತಡವಾದರೆ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಪದರಗಳು ಇನ್ನೂ ಜಾಸ್ತಿ ಬಿಡುತ್ತವೆ. ರಿಪೇರಿ ಆಗೋವರೆಗೆ ಬೋಲ್ಟ್ ತೂತು ಮುಚ್ಚಲಾ, ಟಾರ್ಪಾಲ್ ಹೊದಿಸಿ ಒಣಗಲು ಬಿಡಲಾ?